ಟಿಬಿ ಸಿಮ್ಯುಲೇಶನ್ ಅಪ್‌ಡೇಟ್: ಗ್ರಾನುಲೋಮಾ ಕಟ್ಕೊಳ್ತಿದೆ, ಟಿಎನ್‌ಎಫ್ ಸ್ಲೈಡರ್ ಬಂತು

ನನ್ನ ಟಿಬಿ ಸಿಮ್ಯುಲೇಶನ್‌ನಲ್ಲಿ ಕೊನೆಗೂ ಗ್ರಾನುಲೋಮಾ, ಅಂದ್ರೆ ಬ್ಯಾಕ್ಟೀರಿಯಾ ಸುತ್ತ ರಕ್ಷಣಾ ಸೆಲ್‌ಗಳು ಸೇರಿ ಆಗೋ ಗಂಟು, ತಾನಾಗೇ ಕಟ್ಕೊಳ್ತಿದೆ! ಕೋಡ್‌ನಲ್ಲಿ ಎಲ್ಲೂ "ಇಲ್ಲಿ ದುಂಡಗೆ ಗಂಟು ಕಟ್ಟು" ಅಂತ ಬರ್ದಿಲ್ಲ, ಪ್ರತಿ ಸೆಲ್ಲಿಗೂ ಅಕ್ಕಪಕ್ಕ ಏನಿದೆ ನೋಡ್ಕೊಂಡು ಏನ್ ಮಾಡ್ಬೇಕು ಅನ್ನೋ ಸಣ್ಣ ರೂಲ್ಸ್ ಅಷ್ಟೇ ಕೊಟ್ಟಿರೋದು, ಆದ್ರೂ ರನ್ ಮಾಡಿ ಬಿಟ್ರೆ ಮ್ಯಾಕ್ರೋಫೇಜ್‌ಗಳು (ಬ್ಯಾಕ್ಟೀರಿಯಾ ನುಂಗೋ ರಕ್ಷಣಾ ಸೆಲ್‌ಗಳು) ಬ್ಯಾಕ್ಟೀರಿಯಾ ಇರೋ ಕಡೆ ಗುಂಪು ಸೇರ್ತವೆ, ಟಿ ಸೆಲ್‌ಗಳು (ರೋಗಾಣುವಿನ ಗುರುತು ಹಿಡಿದು ಹೋರಾಡೋ ರಕ್ಷಣಾ ಸೆಲ್‌ಗಳು) ಹೊರಗಡೆ ಸುತ್ತುವರಿದು ನಿಲ್ತವೆ. ನೋಡ್ತಾ ಕೂತ್ರೆ ಎದ್ದೇಳೋಕೇ ಮನಸ್ಸು ಬರಲ್ಲ.

ಹೊಸದಾಗಿ ಓದ್ತಿರೋರಿಗೆ: ಶ್ವಾಸಕೋಶದ ಒಂದು ಚೂರನ್ನ ಪೈಥಾನ್‌ನಲ್ಲಿ ಗ್ರಿಡ್ ಮಾಡಿದೀನಿ, ಒಂದು ಚೌಕ 20 ಮೈಕ್ರೋಮೀಟರ್ ಅಂದ್ರೆ ಒಂದು ಮ್ಯಾಕ್ರೋಫೇಜ್ ಕೂರೋಷ್ಟು ಜಾಗ, ಒಂದು ಸ್ಟೆಪ್ 10 ನಿಮಿಷ. ಈ.ಕೋಲಿ ಅನ್ನೋ ಬ್ಯಾಕ್ಟೀರಿಯಾ ಆಗಿದ್ರೆ ಎರಡೇ ಸ್ಟೆಪ್‌ನಲ್ಲಿ ಒಂದು ಎರಡಾಗೋದು, ಟಿಬಿ ಬ್ಯಾಕ್ಟೀರಿಯಾಕ್ಕೆ ಸುಮಾರು 20 ಗಂಟೆ ಬೇಕು, ಅಂದ್ರೆ 120 ಸ್ಟೆಪ್. ಇಷ್ಟು ನಿಧಾನದ ಜೀವಿ ಗೆಲ್ಲೋದಾದ್ರೂ ಹೆಂಗೆ ಅಂತ ಅನ್ಸುತ್ತೆ, ಆದ್ರೆ ದೇಹದ ಕಡೆಯೂ ತಡವೇ, ಬ್ಯಾಕ್ಟೀರಿಯಾದ ಗುರುತು ದುಗ್ಧಗ್ರಂಥಿಗೆ ತಲುಪಿ ಅಲ್ಲಿ ಟಿ ಸೆಲ್‌ಗಳು ತಯಾರಾಗಿ ವಾಪಸ್ ಶ್ವಾಸಕೋಶಕ್ಕೆ ಬರೋಷ್ಟರಲ್ಲಿ ವಾರಗಳೇ ಕಳೆದಿರುತ್ತೆ. ಅಲ್ಲಿವರೆಗೂ ಮ್ಯಾಕ್ರೋಫೇಜ್ ಹೆಚ್ಚುಕಮ್ಮಿ ಒಂಟಿ.

ಈ ಸಲ ಜಾಸ್ತಿ ಟೈಮ್ ಹೋಗಿದ್ದು ಒಂದೇ ಒಂದು ಮ್ಯಾಕ್ರೋಫೇಜ್ ಒಳಗಡೆ ಏನಾಗುತ್ತೆ ಅನ್ನೋದ್ರ ಮೇಲೆ. ಸಾಮಾನ್ಯವಾಗಿ ಅದು ನುಂಗಿದ ಬ್ಯಾಕ್ಟೀರಿಯಾ ಫೇಗೋಸೋಮ್ ಅನ್ನೋ ಚೀಲದಲ್ಲಿ ಸಿಕ್ಕಾಕೊಳ್ಳುತ್ತೆ, ಆ ಚೀಲ ಲೈಸೋಸೋಮ್ (ಜೀರ್ಣಿಸೋ ರಸ ಇರೋ ಇನ್ನೊಂದು ಚೀಲ) ಜೊತೆ ಸೇರುತ್ತೆ, ಪಿಎಚ್ 5ರ ಹತ್ರ ಇಳಿಯುತ್ತೆ ಅಂದ್ರೆ ಒಳಗೆ ಹುಳಿ ಜಾಸ್ತಿ ಆಗುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ. ಟಿಬಿ ಬ್ಯಾಕ್ಟೀರಿಯಾ ಆ ಸೇರೋದನ್ನೇ ತಡೆದುಬಿಡುತ್ತೆ, ಪಿಎಚ್ 6.2ರ ಆಸುಪಾಸಲ್ಲೇ ನಿಂತೋಗುತ್ತೆ, ಅದು ಆರಾಮಾಗಿ ಬದುಕ್ಕೊಳ್ಳುತ್ತೆ. ಅಷ್ಟಕ್ಕೇ ಬಿಡಲ್ಲ, ಇಎಸ್‌ಎಕ್ಸ್-1 ಅನ್ನೋ ಸ್ರಾವ ವ್ಯವಸ್ಥೆಯಿಂದ ಆ ಚೀಲದ ಪೊರೆಯನ್ನೇ ಹಾಳು ಮಾಡುತ್ತೆ, ಉಂಡ ಮನೆಗೆ ಕನ್ನ ಹಾಕೋದು ಅಂದ್ರೆ ಇದೇ. ಇದಕ್ಕೆ ಒಂದು ಆನ್-ಆಫ್ ಬಟನ್ ಕೊಟ್ಟಿದೀನಿ. ಆಫ್ ಮಾಡಿದ್ರೆ ಸೋಂಕು ಅಕ್ಕಪಕ್ಕದ ಸೆಲ್‌ಗಳಿಗೆ ಹರಡೋದು ಎದ್ದು ಕಾಣೋಷ್ಟು ಕಮ್ಮಿ ಆಗುತ್ತೆ. ಟಿಬಿಗೆ ಕೊಡೋ ಬಿಸಿಜಿ ಲಸಿಕೆಯಲ್ಲಿ ಇರೋದೂ ಇದೇ ಸ್ಥಿತಿ, ಅದನ್ನ ಮಾಡಿದ ವಿಜ್ಞಾನಿಗಳು ಕ್ಯಾಲ್ಮೆಟ್ ಮತ್ತೆ ಗೆರಾನ್ ಅದರ ಬ್ಯಾಕ್ಟೀರಿಯಾನ 1908ರಿಂದ ಲ್ಯಾಬ್‌ನಲ್ಲಿ ಮತ್ತೆ ಮತ್ತೆ ಬೆಳೆಸ್ತಾ ಹೋದಾಗ ಇಎಸ್‌ಎಕ್ಸ್-1ಗೆ ಬೇಕಾದ ಜೀನ್‌ಗಳಿರೋ ಆರ್‌ಡಿ1 ಅನ್ನೋ ತುಂಡು ಕಳೆದೋಯ್ತು, 1921ರಲ್ಲಿ ಮೊದಲ ಸಲ ಮಗುಗೆ ಕೊಟ್ಟಾಗ ಆ ತುಂಡು ಅಂತ ಒಂದಿದೆ ಅಂತಾನೇ ಯಾರಿಗೂ ಗೊತ್ತಿರ್ಲಿಲ್ಲ.

ಈಗ ಟಿಎನ್‌ಎಫ್. ಇದು ಸೆಲ್‌ಗಳು ಒಂದಕ್ಕೊಂದು ಕಳಿಸೋ ಎಚ್ಚರಿಕೆಯ ಪ್ರೋಟೀನ್. ಸ್ಲೈಡರ್ ಸೊನ್ನೆಗೆ ಇಳಿಸಿದ್ರೆ ಮ್ಯಾಕ್ರೋಫೇಜ್‌ಗಳು ಬ್ಯಾಕ್ಟೀರಿಯಾ ತುಂಬ್ಕೊಂಡು ಒಡೀತವೆ, ಗಂಟು ಚದುರಿ ಹೋಗುತ್ತೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯೋ ಔಷಧಿ ತಗೊಂಡೋರಲ್ಲಿ ಒಳಗೆ ಸುಮ್ನೆ ಮಲಗಿದ್ದ ಟಿಬಿ ಎದ್ದಿದ್ದು 2001ರಲ್ಲೇ ವರದಿ ಆಗಿದೆ, ಅದಕ್ಕೇ ಈಗ ಆ ಔಷಧಿ ಶುರು ಮಾಡೋ ಮುಂಚೆ ಟಿಬಿ ಟೆಸ್ಟ್ ಮಾಡ್ತಾರೆ. ಹಾಗಾದ್ರೆ ಸ್ಲೈಡರ್ ಪೂರ್ತಿ ಏರಿಸಿದ್ರೆ? ಮೊದಲು ಬ್ಯಾಕ್ಟೀರಿಯಾ ಚೆನ್ನಾಗೇ ಸಾಯ್ತವೆ, ಆಮೇಲೆ ಮ್ಯಾಕ್ರೋಫೇಜ್‌ಗಳೇ ನೆಕ್ರೋಸಿಸ್‌ನಿಂದ (ಸೆಲ್ ಒಡೆದು ಒಳಗಿದ್ದಿದ್ದೆಲ್ಲ ಚೆಲ್ಲೋ ಥರದ ಸಾವು) ಸಿಡಿದು ಹೋಗ್ತವೆ, ಉಳಿದಿದ್ದ ಬ್ಯಾಕ್ಟೀರಿಯಾ ಹೊರಗೆ ಚೆಲ್ಲಿ ಅಲ್ಲಿ ತಡೆಯೋರೇ ಇಲ್ದೆ ಬೆಳೀತವೆ. ಅತಿಯಾದ್ರೆ ಸೆಲ್ ಸಾಯ್ಬೇಕು ಅನ್ನೋ ರೂಲ್ ನಾನೇ ಹಾಕಿದ್ದು, ಅದ್ರಲ್ಲಿ ಹೊಸದೇನಿಲ್ಲ. ನೋಡ್ಬೇಕಾದ್ದು ಸೆಲ್ ಸತ್ತ ಮೇಲೆ ಆಗೋದನ್ನ: ಬ್ಯಾಕ್ಟೀರಿಯಾದ ಗ್ರಾಫ್ ಇಳಿದಿದ್ದು ಮತ್ತೆ ಏರುತ್ತೆ, ಟಿಎನ್‌ಎಫ್ ಮಧ್ಯದಲ್ಲಿಟ್ಟಾಗ ಇದ್ದಿದ್ದಕ್ಕಿಂತ ಮೇಲಕ್ಕೇ ಹೋಗುತ್ತೆ. ಟಿಬಿ ಸಂಶೋಧಕಿ ಲಲಿತಾ ರಾಮಕೃಷ್ಣನ್ ಅವರ ಲ್ಯಾಬ್‌ನೋರು ಜೀಬ್ರಾಫಿಶ್ ಅನ್ನೋ ಮೀನಿನ ಮರಿಗಳಲ್ಲಿ ಟಿಬಿಯ ಹತ್ತಿರದ ಸಂಬಂಧಿ ಮೈಕೋಬ್ಯಾಕ್ಟೀರಿಯಂ ಮರೈನಮ್ ಇಟ್ಕೊಂಡು ತೋರಿಸಿದ್ದೂ ಇದನ್ನೇ, ಟಿಎನ್‌ಎಫ್ ಕಮ್ಮಿ ಆದ್ರೂ ಕಷ್ಟ, ಜಾಸ್ತಿ ಆದ್ರೂ ಕಷ್ಟ. ಆ ಮರಿಗಳ ಮೈ ಪಾರದರ್ಶಕ, ಹಾಗಾಗಿ ಜೀವಂತ ಇರೋವಾಗ್ಲೇ ಮೈಕ್ರೋಸ್ಕೋಪ್‌ನಲ್ಲಿ ಎಲ್ಲ ಕಾಣುತ್ತೆ. ಸತ್ತ ಮ್ಯಾಕ್ರೋಫೇಜನ್ನ ತಿನ್ನೋಕೆ ಬಂದ ಹೊಸ ಮ್ಯಾಕ್ರೋಫೇಜ್‌ಗಳಿಗೂ ಸೋಂಕು ಹತ್ತಿ ಅವು ಬೇರೆ ಕಡೆ ಹೊತ್ಕೊಂಡು ಹೋಗೋದನ್ನೂ ಅದರಲ್ಲೇ ನೋಡಿದ್ದಾರೆ, ಅಂದ್ರೆ ಗ್ರಾನುಲೋಮಾ ಬರೀ ಜೈಲಲ್ಲ, ಶುರುವಿನ ದಿನಗಳಲ್ಲಿ ಬ್ಯಾಕ್ಟೀರಿಯಾಗೂ ಅದ್ರಿಂದ ಲಾಭ ಇದೆ. ಇಮ್ಯುನಿಟಿ ಹೆಚ್ಚಿಸ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ, ಯಾವುದನ್ನ, ಎಷ್ಟು, ಯಾವಾಗ ಅಂತ ಕೇಳ್ಬೇಕು ಅನ್ಸುತ್ತೆ ನಂಗೆ.

ಬಣ್ಣಗಳನ್ನೂ ಬದಲಾಯಿಸಿದೀನಿ, ಸೋಂಕು ತಗುಲಿದ ಮ್ಯಾಕ್ರೋಫೇಜ್ ಕಿತ್ತಳೆ, ಟಿ ಸೆಲ್ ನೀಲಿ.

ಮುಂದಿನ ಕೆಲಸ ಆಕ್ಸಿಜನ್ ಲೇಯರ್. ಗಂಟಿನ ನಡುವೆ ಆಕ್ಸಿಜನ್ ಕಮ್ಮಿ ಆದಾಗ ಬ್ಯಾಕ್ಟೀರಿಯಾ ವಿಭಜನೆ ನಿಲ್ಲಿಸಿ ಕಾಯ್ತಾ ಕೂರುತ್ತೆ, ಐಸೋನಿಯಾಜಿಡ್ ಥರದ ಟಿಬಿ ಔಷಧಿ ಮುಖ್ಯವಾಗಿ ಬೆಳೀತಿರೋದನ್ನ ಕೊಲ್ಲುತ್ತೆ, ಸುಮ್ನೆ ಕೂತಿರೋದನ್ನ ಅಷ್ಟಾಗಿ ಮುಟ್ಟಲ್ಲ. ಮೊದಲು ಆಕ್ಸಿಜನ್ ಸರಿಯಾಗಿ ಹರಡೋ ಹಂಗೆ ಮಾಡಿ, ಆಮೇಲೆ ಔಷಧಿ ಹಾಕಿ, ಯಾವ ಚೌಕದಲ್ಲಿ ಎಷ್ಟು ಬ್ಯಾಕ್ಟೀರಿಯಾ ಉಳಿಯುತ್ತೆ ಅಂತ ಎಣಿಸ್ಬೇಕು.