ಬಸ್ಸಲ್ಲಿ ಬಂದ ನಿದ್ದೆ

ಆಸ್ಪತ್ರೆಯಲ್ಲಿ ಸತತ ಐದನೇ ನೈಟ್ ಡ್ಯೂಟಿ ಮುಗಿಯಿತು. ಜಯನಗರದಲ್ಲಿ ಬಸ್ ಹತ್ತಿದವಳು ಬನಶಂಕರಿಯಲ್ಲಿ ಇಳಿಯಬೇಕಿತ್ತು. ಕಣ್ಣು ಬಿಟ್ಟರೆ ಕೋಣನಕುಂಟೆ ಕ್ರಾಸ್! "ಎದ್ರಾ ಮೇಡಂ?" ಅಂತ ಕಂಡಕ್ಟರ್ ನಕ್ಕರು. ಫ್ರೀ ಟಿಕೆಟ್, ಅಷ್ಟೇ ಪುಣ್ಯ.

ಅಲ್ಲಿ ಅಷ್ಟು ಸೊಗಸಾಗಿ ಬಂದ ನಿದ್ದೆ ಮನೆಯ ಹಾಸಿಗೆಯಲ್ಲಿ ಮಾಯ. ಕಿಟಕಿಗೆ ಅಮ್ಮನ ಹಳೇ ಕಪ್ಪು ಸೀರೆ ಕಟ್ಟಿದ್ದೇನೆ. ಜರಿಯ ಸಂದಿಯಿಂದಲೂ ಬಿಸಿಲು ಇಣುಕುತ್ತದೆ. ಬೆಳಕು ಬಿದ್ದರೆ ನಿದ್ದೆಗೆ ನೆರವಾಗುವ ಹಾರ್ಮೋನ್ ಮೆಲಟೋನಿನ್ ಕಡಿಮೆಯಾಗುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನೇ, ಅಲ್ವಾ! ಮೈಯೊಳಗಿನ ಗಡಿಯಾರದ ಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ನಮ್ಮ ಡ್ಯೂಟಿ ಲಿಸ್ಟ್ ಹಾಕುವವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಪಕ್ಕದ ಮನೆ ಕುಕ್ಕರ್ ಕೂಗಿತು. ಮಾನಿಟರ್ ಬೀಪ್ ಅಂದುಕೊಂಡು ಎದ್ದು ಕೂತೆ. ಗಂಟೆ ಹನ್ನೊಂದೂವರೆ.