ವಿಜಯಪುರದ ನಡುಪೇಟೆಯಲ್ಲಿ ಊಟ: ಯಾವ ಹೊತ್ತಿಗೆ ಏನು ಉಣ್ಣಬೇಕು

ವಿಜಯಪುರಕ್ಕೆ ಬರುವವರು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಂದು ಪಟ್ಟಿ ಮಾಡಿಕೊಂಡೇ ಬರುತ್ತಾರೆ. ಊಟದ ಮಾತನ್ನು ಮಾತ್ರ ಹಸಿವಾದಾಗ ನೋಡೋಣ ಎಂದು ಬಿಟ್ಟಿರುತ್ತಾರೆ. ಮಧ್ಯಾಹ್ನ ಮೂರೂವರೆಗೆ ನಡುಪೇಟೆಯ ಗಾಂಧಿ ಚೌಕಕ್ಕೆ ಬಂದರೆ ಖಾನಾವಳಿಯ, ಅಂದರೆ ರೊಟ್ಟಿ ಊಟದ ಮನೆಯ, ಒಲೆ ಆರಿರುತ್ತದೆ, ಕೊನೆಗೆ ಎಲ್ಲ ಊರಲ್ಲೂ ಸಿಗುವ ಫ್ರೈಡ್ ರೈಸೇ ಗತಿ. ಇಲ್ಲಿ ಹೋಟೆಲಿನ ಹೆಸರಿಗಿಂತ ಹೊತ್ತು ಮುಖ್ಯ.

ರೈಲು ನಿಲ್ದಾಣ ಗೋಳಗುಮ್ಮಟದ ಹತ್ತಿರವೇ ಇದೆ. ಬೆಳಿಗ್ಗೆ ಇಳಿದವರು ಮೊದಲು ಗುಮ್ಮಟ ಹತ್ತಿ ಬರಲಿ. ಜನ ಸೇರಿದರೆ ಪಿಸುಮಾತಿನ ಪ್ರತಿಧ್ವನಿ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆಮೇಲೆ ಆಟೋ ಹಿಡಿದು ಪೇಟೆಗೆ ಬಂದು ಸುಸಲಾ ಕೇಳಿ. ಚುರಮರಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ-ಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸಿರುತ್ತಾರೆ. ಹೊತ್ತಾದಷ್ಟೂ ಅದು ಮುದ್ದೆಯಾಗುತ್ತದೆ, ಆದ್ದರಿಂದ ಕಣ್ಣೆದುರು ಕಲಸಿದ್ದನ್ನೇ ತಿನ್ನಬೇಕು.

ಇಬ್ರಾಹಿಂ ರೋಜಾ ಊರಿನ ಪಶ್ಚಿಮಕ್ಕಿದೆ. ಅದನ್ನು ಮುಗಿಸಿ ಹನ್ನೆರಡೂವರೆಯ ಹೊತ್ತಿಗೆ ಖಾನಾವಳಿಯಲ್ಲಿ ಕೂತಿರಬೇಕು. ಬೋರ್ಡು ನೋಡಿ ಒಳಹೊಕ್ಕರೆ ಸಾಲದು, ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತದೆಯೇ ಗಮನಿಸಿ. ಸಪ್ಪಳ ಇಲ್ಲದಿದ್ದರೆ ಹೊರಗಿನಿಂದ ತರಿಸಿದ ರೊಟ್ಟಿ ಇರಬಹುದು, ಕೇಳಿಯೇ ಕೂಡಿ. ‘ಯಕ್ಕಾ, ಬಿಸಿ ರೊಟ್ಟಿ ಅದಾವೇನ್ರಿ?’ ಎಂದರೆ ನೇರ ಉತ್ತರ ಸಿಗುತ್ತದೆ. ರೊಟ್ಟಿಯ ಅಂಚು ಬಿರಿದು ಪುಡಿಪುಡಿಯಾದರೆ ಹಿಟ್ಟು ಬೀಸಿ ಬಹಳ ದಿನವಾಗಿದೆ ಎಂದರ್ಥ. ಹಳೆಯ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಹಿಂಗಾರಿನ ಬಿಳಿಜೋಳ ಹೊಸದಾಗಿ ಮನೆಗೆ ಬಂದ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ರೊಟ್ಟಿಯ ರುಚಿಯೇ ಬೇರೆ. ಬಿಸಿಯದನ್ನು ಒಂದೊಂದೇ ಹಾಕಿಸಿಕೊಳ್ಳಿ, ಎರಡು ಒಟ್ಟಿಗೆ ಹಾಕಿಸಿಕೊಂಡರೆ ಕೆಳಗಿನದು ಬೆವರಿ ಮೆತ್ತಗಾಗುತ್ತದೆ. ಎಣ್ಣೆಗಾಯಿ, ಕಾಳುಪಲ್ಯ, ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಶೇಂಗಾ ಹಿಂಡಿ (ಚಟ್ನಿಪುಡಿ) ತಾಟಿಗೆ ಬರುತ್ತವೆ. ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಳ್ಳಬೇಕು, ಒಣಗಾಗಿ ತಿಂದರೆ ಗಂಟಲು ಹಿಡಿಯುತ್ತದೆ. ಹೊಟ್ಟೆಯಲ್ಲಿ ಅನ್ನ-ಸಾರಿಗೂ ಜಾಗ ಇಟ್ಟುಕೊಳ್ಳಿ.

ಹಿಂದೆ ಖಾನಾವಳಿ ಪ್ರವಾಸಿಗರಿಗಾಗಿ ಇದ್ದದ್ದಲ್ಲ. ಹಳ್ಳಿಯಿಂದ ಓದಲು ಬಂದ ಹುಡುಗರು, ವರ್ಗವಾಗಿ ಬಂದ ನೌಕರರು, ಕೋರ್ಟು ಕಚೇರಿಗೆ ಬಂದವರು ಅಲ್ಲಿ ಉಣ್ಣುತ್ತಿದ್ದರು. ತಿಂಗಳ ಲೆಕ್ಕಕ್ಕೆ ಉಣ್ಣುವವರ ಮುಖ ನೋಡಿಯೇ ಇಷ್ಟು ರೊಟ್ಟಿ ಬೇಕೆಂದು ಅಡುಗೆಯವರಿಗೆ ಗೊತ್ತಿರುತ್ತಿತ್ತು. ಈಗ ಕೋಣೆ ಮಾಡಿಕೊಂಡ ಹುಡುಗರು ಡಬ್ಬಿ ತರಿಸಿಕೊಳ್ಳುತ್ತಾರೆ, ದೊಡ್ಡ ರಸ್ತೆಗಳಲ್ಲಿ ಪನೀರು, ನಾನ್ ಬಡಿಸುವ ರೆಸ್ಟೋರೆಂಟುಗಳು ಬಂದಿವೆ. ಎಸಿ ಬೇಕಾದವರಿಗೆ, ತಡವಾಗಿ ಬರುವವರಿಗೆ ಅವು ಅನುಕೂಲವೇ. ಆದರೆ ಒಂದೇ ಹೊತ್ತು ಊರಲ್ಲಿ ಇರುವವರು ಅದನ್ನು ಖಾನಾವಳಿಗೇ ಕೊಡಬೇಕು.

ಮಾಂಸ ತಿನ್ನುವವರು ಖಾರದ ಮಾಂಸದಡುಗೆಗೆ ಹೆಸರಾದ ಸಾವಜಿ ಸಮುದಾಯದವರ ಖಾನಾವಳಿಗೆ ರಾತ್ರಿ ಹೋಗಲಿ. ಅಲ್ಲಿನ ಖಾರ ತಡವಾಗಿ ಏರುತ್ತದೆ. ಮೊದಲ ತುತ್ತು ತಡೆದುಕೊಂಡಿತೆಂದು ರಸ ಸುರಿದುಕೊಳ್ಳಬೇಡಿ, ಬಟ್ಟಲಲ್ಲಿ ಬೇರೆ ಇರಿಸಿಕೊಂಡು ರೊಟ್ಟಿ ಅದ್ದಿ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಈ ಊಟ ಬೇಡವೇ ಬೇಡ.

ಸಂಜೆ ಬಂಡಿಗಳಲ್ಲಿ ಮಿರ್ಚಿ ಭಜಿ, ಚುರಮರಿ ಸಿಗುತ್ತವೆ. ಬಾಣಲೆಯಿಂದ ಈಗಷ್ಟೇ ತೆಗೆದದ್ದನ್ನು ಕೇಳಿ ತೆಗೆದುಕೊಳ್ಳಿ.

ಜನವರಿಯ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಆ ದಿನಗಳಲ್ಲಿ ನಡುಪೇಟೆಯಲ್ಲಿ ಕೂಡಲು ಜಾಗ ಸಿಗುವುದು ಕಷ್ಟ, ಹನ್ನೆರಡಕ್ಕೆ ಮೊದಲೇ ಉಂಡುಬಿಡಿ. ಆದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಕಾಲವೂ ಅದೇ. ಊರಿಗೆ ಒಯ್ಯುವುದಾದರೆ ಕಡಕ್ ರೊಟ್ಟಿ ಕೊಳ್ಳಿ: ಮುರಿದಾಗ ಚಟ್ಟೆಂದು ಸಪ್ಪಳ ಬರಬೇಕು, ಬಾಗಿದರೆ ಒಣಗಿಲ್ಲ. ಸ್ವಲ್ಪ ಬಿಸಿ ಇದ್ದರೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಬೂಸ್ಟು ಹಿಡಿಯುತ್ತದೆ. ಕಾಗದದಲ್ಲಿ ಸುತ್ತಿ, ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲಿಡಿ.