ನಿತ್ಯಪುಷ್ಪ ಮತ್ತು ಅನೀಶನ ಪ್ರಶ್ನೆ

ಉಡುಪಿ, ಜುಲೈ 9, 2025, ಬುಧವಾರ

ಅಕ್ಕನ ದಿಂಬಿನ ಮೇಲೆ ಇವತ್ತು ಹಿಡಿಯಷ್ಟು ಕೂದಲು. ಅದನ್ನು ತೆಗೆಯುವಷ್ಟರಲ್ಲಿ ಅನೀಶ ನೋಡಿಬಿಟ್ಟ.

"ಚಿಕ್ಕಮ್ಮಾ, ಅಮ್ಮನಿಗೆ ಕಾಯಿಲೆ ಇರುವುದು ಕುತ್ತಿಗೆಯ ಗಂಟಿನಲ್ಲಿ. ಔಷಧ ಕೂದಲಿನ ತಂಟೆಗೆ ಯಾಕೆ ಹೋಗಬೇಕು?"

ಐದನೆಯ ತರಗತಿಯ ಹುಡುಗ. ಏನೋ ಒಂದು ಹೇಳಿ ಹೊರಗೆ ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಈಗ ಸುಳ್ಳು ಹೇಳಿದರೆ ಮುಂದೆ ಅವನು ನಮ್ಮ ಯಾವ ಮಾತನ್ನೂ ನಂಬಲಾರ. ಪಕ್ಕದಲ್ಲಿ ಕೂರಿಸಿಕೊಂಡೆ.

ನಮ್ಮ ಮೈಯ ಒಂದು ಜೀವಕೋಶ ಎರಡಾಗುವ ಮುನ್ನ ವಂಶದ ಗುಣಗಳ ಮಾಹಿತಿ ಹೊತ್ತ ತನ್ನ 46 ವರ್ಣತಂತುಗಳಿಗೂ ಒಂದೊಂದು ಪ್ರತಿ ಮಾಡಿಕೊಳ್ಳುತ್ತದೆ. ಮೂಲವೂ ಪ್ರತಿಯೂ ಅಂಟಿಕೊಂಡೇ ಇರುತ್ತವೆ. ಸೆಂಟ್ರೋಸೋಮ್ ಎಂಬ ಎರಡು ಪುಟ್ಟ ರಚನೆಗಳು ಕೋಶದ ಎದುರುಬದುರು ತುದಿಗಳಿಗೆ ಸರಿದು ನಿಲ್ಲುತ್ತವೆ. ಅಲ್ಲಿಂದ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಕೂಡಿಕೊಳ್ಳುತ್ತ ಟೊಳ್ಳಾದ ಎಳೆಗಳಾಗಿ ಬೆಳೆಯುತ್ತವೆ. ಒಂದು ಎಳೆಯ ದಪ್ಪ ಸುಮಾರು 25 ನ್ಯಾನೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಅಂಥ 40 ಸಾವಿರ ಎಳೆಗಳನ್ನು ಪಕ್ಕಪಕ್ಕ ಮಲಗಿಸಬಹುದು ಎಂದಾಗ ಅವನು ಸ್ಕೇಲ್ ತಂದು ಆ ಒಂದು ಗೆರೆಯನ್ನೇ ಬಹಳ ಹೊತ್ತು ನೋಡಿದ.

"ಮೊಸರು ಕುಡಿಕೆಯ ದಿನ ಹಗ್ಗಜಗ್ಗಾಟ ನೋಡಿದ್ದೀಯಲ್ಲ?" ಎಂದೆ. ಇಲ್ಲಿಯೂ ಎರಡು ಕಡೆಯಿಂದ ಎಳೆತ. ಆದರೆ ಯಾವ ಕಡೆಯೂ ಗೆಲ್ಲಬಾರದು. ಪ್ರತಿಯೊಂದು ಜೋಡಿಗೂ ಎರಡೂ ತುದಿಯ ಎಳೆ ಸಿಕ್ಕಿ ಬಿಗಿಯಾಗಿ ನಿಂತರೆ ಮಾತ್ರ ಅಂಟು ಬಿಡುತ್ತದೆ. ಒಂದು ಈಚೆಗೆ, ಒಂದು ಆಚೆಗೆ. ಒಂದೇ ಒಂದು ವರ್ಣತಂತುವಿಗೆ ಎಳೆ ಸಿಗದಿದ್ದರೂ ಕೋಶ ತಡೆದು ನಿಲ್ಲುತ್ತದೆ.

"ಒಬ್ಬನಿಗೋಸ್ಕರ ಉಳಿದವರೆಲ್ಲ ಕಾಯುತ್ತಾರಾ?"

ಹೌದು, ಗಂಟೆಗಟ್ಟಲೆ. ಅಕ್ಕನಿಗೆ ಕೊಡುವ ಔಷಧಗಳಲ್ಲಿ ಒಂದಾದ ವಿನ್‌ಕ್ರಿಸ್ಟಿನ್ ಆ ಟ್ಯೂಬ್ಯುಲಿನ್ ಕಣಗಳನ್ನೇ ಹಿಡಿದುಕೊಂಡುಬಿಡುತ್ತದೆ. ಎಳೆ ಬೆಳೆಯುವುದಿಲ್ಲ. ಕೋಶ ಕಾದು ಕಾದು ಕೊನೆಗೆ ಸಾಯುತ್ತದೆ. ಬಿಡುವಿಲ್ಲದೆ ಎರಡಾಗುತ್ತಲೇ ಇರುವ ಕ್ಯಾನ್ಸರ್ ಕೋಶಗಳಿಗೆ ಪೆಟ್ಟು ಜೋರು. ಕೂದಲಿನ ಬುಡದ ಕೋಶಗಳೂ ಹಾಗೆಯೇ ಬೇಗಬೇಗ ಎರಡಾಗುವಂಥವು. ಕೀಮೋ ಔಷಧಗಳಿಗೆ ತನ್ನವರು, ಪರರು ಎಂದು ಗೊತ್ತಾಗುವುದಿಲ್ಲ.

ಅಕ್ಕನ ಬೆರಳ ತುದಿ ಜುಮ್ಮೆನ್ನುವುದಕ್ಕೂ ಇದೇ ಕಾರಣ ಎಂಬುದನ್ನು ಅವನಿಗೆ ಹೇಳಲಿಲ್ಲ. ನರಕೋಶ ಎರಡಾಗುವುದಿಲ್ಲ ನಿಜ, ಆದರೆ ಅಷ್ಟುದ್ದದ ನರದೊಳಗೆ ಬೇಕಾದ್ದೆಲ್ಲ ಸಾಗುವುದು ಇಂಥ ಎಳೆಗಳ ಮೇಲೆಯೇ. ನಿನ್ನೆ ಅವಳಿಗೆ ರವಿಕೆಯ ಹುಕ್ ಹಾಕಿಕೊಳ್ಳಲು ಆಗಲಿಲ್ಲ. ನಾನೇ ಹಾಕಿದೆ. ಇಬ್ಬರೂ ಮಾತಾಡಲಿಲ್ಲ.

ಈ ಔಷಧ ಬಂದದ್ದು ನಿತ್ಯಪುಷ್ಪದಿಂದ ಎಂದಾಗ ಅನೀಶ ಛತ್ರಿಯನ್ನೂ ಹಿಡಿಯದೆ ಅಂಗಳಕ್ಕೆ ಓಡಿದ. ಪಾಗಾರದ ಬುಡದಲ್ಲಿ ತಾನಾಗಿ ಎದ್ದ ಗಿಡ, ಮಳೆಯ ಹೊಡೆತಕ್ಕೆ ಹೂವೆಲ್ಲ ನೆಲಕ್ಕೆ ಅಂಟಿದ್ದವು. ಮಡಗಾಸ್ಕರ್ ಮೂಲದ ಗಿಡವದು. ಅದರಿಂದ ವಿನ್‌ಬ್ಲಾಸ್ಟಿನ್ ಎಂಬ ಇನ್ನೊಂದು ಔಷಧವನ್ನು 1958ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಬೇರ್ಪಡಿಸಿದರು; ವಿನ್‌ಕ್ರಿಸ್ಟಿನ್ ಅದರ ಹಿಂದೆಯೇ ಬಂತು.

ಇದೆಲ್ಲ ಅಡುಗೆಮನೆಗೂ ಕೇಳಿಸಿತ್ತು.

"ಹಾಗಾದರೆ ನಾಲ್ಕು ಎಲೆ ಹಾಕಿ ಕಷಾಯ ಮಾಡಿ ಕೊಟ್ಟರೆ ಆಗುವುದಿಲ್ಲವಾ?" ಎಂದರು ಅಮ್ಮ. ಎದೆ ಧಸಕ್ಕೆಂದಿತು. ನೂರಾರು ಕಿಲೋ ಒಣ ಎಲೆಯಿಂದ ಒಂದು ಗ್ರಾಂ ಔಷಧ ಸಿಗುವುದೂ ಕಷ್ಟ, ಎಲೆಯಲ್ಲಿ ಬೇರೆ ವಿಷಗಳೂ ಇವೆ, ವಿನ್‌ಕ್ರಿಸ್ಟಿನ್ ಕೊಡುವುದು ನೇರ ರಕ್ತನಾಳಕ್ಕೆ, ಹೊಟ್ಟೆಗಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅಮ್ಮ ಒಪ್ಪಿದಂತೆ ತಲೆಯಾಡಿಸಿದರು. ಅವರ ತಲೆಯಾಟದ ಅರ್ಥ ನನಗೆ ಗೊತ್ತು. ನಾಳೆ ಬೆಳಕಾಗುವ ಮೊದಲು ಆ ಗಿಡಗಳನ್ನು ಕಿತ್ತುಬಿಡಲೇ? ಅನೀಶ ಈಗ ಅವುಗಳಿಗೆ ಕೋಲು ನೆಟ್ಟು ಬಂದಿದ್ದಾನೆ.

ಸೋಮವಾರ ಮಣಿಪಾಲದಲ್ಲಿ ರಕ್ತಪರೀಕ್ಷೆ. ಬಿಳಿ ರಕ್ತಕಣಗಳ ಎಣಿಕೆ ಏರದಿದ್ದರೆ ಮುಂದಿನ ಡೋಸ್ ಮುಂದೂಡುತ್ತಾರಂತೆ. ಹಾಗಾದರೆ ಭಾವನಿಗೆ ಮತ್ತೆ ರಜೆ ಸಿಗುವುದು ಕಷ್ಟ, ಆಗ ನಾನು ಅಕ್ಕನ ಜೊತೆ ಹೋದರೆ ಇಲ್ಲಿ ಅಮ್ಮನನ್ನು...